ಹಾರ ಹಾಕಿದ ಫೋಟೊ

ಗಂಡಸಿ ಊರಿನ ಕಡೆಯ ಆ ಮನೆಯ ಜಗಲಿಯಲ್ಲಿ ನಿಂತು ಕೂಗಿ ಕರೆಯಲು ನನಗೆ ನಾಚಿಕೆ. ರೈತರಿಗೆ ಸರ್ಕಾರ ಕೊಡುವ ಸಹಾಯಧನದ ಪಟ್ಟಿ ಹಿಡಿದು, ಅದರಲ್ಲಿರುವವರು ಬದುಕಿದ್ದಾರೋ ಇಲ್ಲವೋ ಎಂದು ಮೊಬೈಲಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ಗೋಡೆಯ ಮೇಲೆ ಗಂಡ ಹೆಂಡತಿಯ ಫೋಟೊ, ಕೆಳಗೆ ಇಬ್ಬರ ಹೆಸರು, ಮೇಲೊಂದು ಹಾರ. ಪಟ್ಟಿಯ ಗೌರಮ್ಮ ಇವರೇ. ‘ಮೃತ’ ಎಂದು ಒತ್ತಿ ಕಳಿಸಿಬಿಟ್ಟೆ.

“ಯಾರವ್ವಾ ಅದು?” ಎನ್ನುತ್ತಾ ಫೋಟೊದಲ್ಲಿದ್ದ ಅಜ್ಜಿ ಹೊರಗೆ ಬಂದರು.

ನೆಟ್‌ವರ್ಕ್ ಸಿಗದೆ ನಾನು ಕಳಿಸಿದ್ದು ಇನ್ನೂ ಹೋಗಿರಲಿಲ್ಲ. ಒಮ್ಮೆ ಹೋದರೆ ತಿದ್ದುವುದು ನನ್ನ ಕೈಯಲ್ಲಿಲ್ಲ. ಅಜ್ಜಿಯ ದುಡ್ಡು ನಿಲ್ಲುತ್ತದೆ. ಬದುಕಿದ್ದೇನೆ ಎಂದು ತೋರಿಸಲು ಅವರು ಅರಸೀಕೆರೆಯ ತಾಲ್ಲೂಕು ಕಚೇರಿಗೆ ಅಲೆಯಬೇಕು. ಗಾಬರಿಯಲ್ಲಿ ಅಳಿಸುವ ಗುಂಡಿಯೇ ಕಾಣಲಿಲ್ಲ.

“ಸಿಗ್ನಲ್ ಇಲ್ವೇನವ್ವಾ? ಬಾ, ಆ ತೆಂಗಿನಮರದತ್ರ ಚೆನ್ನಾಗಿ ಬತ್ತೈತೆ,” ಎಂದು ಅಜ್ಜಿ ನನ್ನ ರಟ್ಟೆ ಹಿಡಿದು ಎಳೆದರು. ಅಂಗಳಕ್ಕೆ ಬರುತ್ತಲೇ ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆ ಮೂಡಿತು.

“ಬೇಡ ಅಜ್ಜಿ!” ಕಿರುಚಿದೆ. “ನೀವು ತೀರಿಹೋಗಿದ್ದೀರ ಅಂತ ಹಾಕ್ಬಿಟ್ಟಿದೀನಿ!”

ಕೈ ಬಿಡಿಸಿಕೊಂಡು ಸಿಗ್ನಲ್ ಇಲ್ಲದ ಜಗಲಿಗೆ ಓಡಿದೆ. ಅಳಿಸುವ ಗುಂಡಿ ಅಂತೂ ಸಿಕ್ಕಿತು; ಅದು ಹೋಗುವ ಮೊದಲೇ ಒತ್ತಿದೆ.

ಅಜ್ಜಿ ಫೋಟೊ ನೋಡಿದರು, ನನ್ನನ್ನು ನೋಡಿದರು. “ಇರೋದೊಂದೇ ಫೋಟೊ ಕಣೇ. ಅದ್ಕೇ ಹಾರ ಯಜಮಾನ್ರ ಕಡೀಕೇ ಸರಿಸಿ ಹಾಕಿವ್ನಿ. ಅಷ್ಟೂ ಕಾಣಾಕಿಲ್ವಾ?”

ನಿಜ, ಹಾರ ಪೂರ್ತಿ ಆ ಕಡೆಗೇ ಇತ್ತು.

ಈಗ ಯಾರ ಮನೆಗೆ ಹೋದರೂ ಬೀದಿಗೆಲ್ಲ ಕೇಳುವಂತೆ ಕೂಗುತ್ತೇನೆ. ಒಳಗಿನಿಂದ ಯಾರಾದರೂ ಒಮ್ಮೆ ಕೆಮ್ಮುವವರೆಗೆ ಮೊಬೈಲ್ ಹೊರಗೆ ತೆಗೆಯುವುದಿಲ್ಲ.