ನಡುಗುವ ಕೈಗೊಂದು ಬ್ರಾಕೆಟ್

ಇನ್ನೂ ಪೂರ್ತಿ ಬೆಳಗಾಗಿಲ್ಲ. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಿಂತಿದ್ದಾರೆ ಮನೆಯಾಕೆ. ಎದುರಿಗೆ ಕ್ಯಾಮೆರಾ ಹಿಡಿದ ಗಂಡ. ಫ್ಲ್ಯಾಶ್ ಮಿಂಚುತ್ತದೆ. ಆತ ಕ್ಯಾಮೆರಾದ ಹಿಂಬದಿ ನೋಡಿ ಮುಖ ಸಿಂಡರಿಸುತ್ತಾರೆ, ಸ್ಕ್ರೂ ಬಿಚ್ಚುತ್ತಾರೆ. "ಇನ್ನೊಂದ್ಸಲ. ಗಲ್ಲ ಸ್ವಲ್ಪ ಮೇಲೆ."

"ಮದುವೆ ಹೆಣ್ಣು ನಾನಲ್ಲ. ಬೇಗ ಮುಗಿಸಿ, ಬಾಯೆಲ್ಲ ಉರೀತಿದೆ" ಎನ್ನುತ್ತಾರೆ ಆಕೆ, ಬ್ರಷ್ಷಿನ ಸಂದಿಯಿಂದ.

ಊಟದ ಮೇಜಿನ ಮೇಲೆ ಮೂರು ಬ್ರಾಕೆಟ್‌ಗಳಿವೆ. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯಿಂದ ಬಿಡಿಸಿ ಇನ್ನಷ್ಟು ಎತ್ತರದಲ್ಲಿ ಹಿಡಿದು ನಿಲ್ಲಿಸುವ ಲೋಹದ ತೋಳುಗಳಿವು. ಪರಿಚಯದ ಅಂಗಡಿಯವರು ಮೂರನ್ನೂ ಕೊಟ್ಟು, ಒಂದು ಇಟ್ಟುಕೊಂಡು ಎರಡನ್ನು ವಾಪಸ್ ತನ್ನಿ ಎಂದಿದ್ದಾರೆ. ಇವತ್ತು ಫೋಟೋ ತೆಗೆಯಬೇಕಿರುವ ಮದುವೆ ಒಂಬತ್ತಕ್ಕೆ. ಅಷ್ಟರೊಳಗೆ ಯಾವುದೆಂದು ತೀರ್ಮಾನವಾಗಬೇಕು.

ಬಡಾವಣೆಯ ಮಕ್ಕಳ ಬಾಯಲ್ಲಿ ಈ ಫೋಟೋಗ್ರಾಫರ್ 'ಅಲ್ಲಾಡ್ಬೇಡಿ ಮಾಮ'. ಶಾಲೆಯ ಗುಂಪುಚಿತ್ರ, ಹುಟ್ಟುಹಬ್ಬ, ಮದುವೆ, ನಿವೃತ್ತಿಯ ಬೀಳ್ಕೊಡುಗೆ ಹೀಗೆ ಸುತ್ತಮುತ್ತಲ ಯಾರ ಮನೆಯ ಗೋಡೆ ನೋಡಿದರೂ ಇವರು ತೆಗೆದ ಒಂದು ಚಿತ್ರವಾದರೂ ಸಿಕ್ಕೀತು. ಚಿತ್ರದೊಳಗೆ ಮಾತ್ರ ಇವರು ಸಿಗುವುದಿಲ್ಲ. ಸ್ವಂತ ಮಗಳ ಮದುವೆಯ ಆಲ್ಬಮ್ಮಿನಲ್ಲೂ ಇಲ್ಲ. ಬೇರೆಯವರ ಕೈಗೆ ಕೊಟ್ಟರೆ ಕೆಡಿಸಿಬಿಡುತ್ತಾರೆಂದು ಅವತ್ತೂ ಕ್ಯಾಮೆರಾ ಕೆಳಗಿಟ್ಟಿರಲಿಲ್ಲ ಈ ಮಹಾನುಭಾವರು. ಮಗಳು ಈಗಲೂ ಅದನ್ನು ಎತ್ತಿ ಆಡುತ್ತಾಳಂತೆ.

ಊರಿಗೆಲ್ಲ ಅಲ್ಲಾಡಬೇಡಿ ಎಂದವರ ಕೈಯೇ ಈಗ ಅಲ್ಲಾಡುತ್ತಿದೆ. ಎಡಗೈ ನಡುಗಲು ಶುರುವಾಗಿ ಎರಡು ವರ್ಷವಾಯಿತು. ಮೊದಲು ಗಮನಿಸಿದ್ದು ಹೆಂಡತಿ, ಟೀ ಕಪ್ಪು ಬಸಿಯ ಮೇಲೆ ಕಟಕಟ ಅಂದಾಗ. ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಪೂರ್ತಿ ವಾಸಿಯಾಗುತ್ತದೆಂದು ಹೇಳಲಾರೆ ಎಂದರಂತೆ ವೈದ್ಯರು. "ಪ್ರಾಣದ ಮಾತು ಬಿಡಿ ಡಾಕ್ಟ್ರೇ, ಫೋಟೋ ಗತಿ ಏನು ಅಂತ ಕೇಳ್ದೆ. ಅವರು ನಕ್ರು. ನಂಗೆ ನಗು ಬರ್ಲಿಲ್ಲ."

ಅಂದಿನಿಂದ ಇವರ ಮಾನ ಕಾಪಾಡುತ್ತಿರುವುದು ಫ್ಲ್ಯಾಶ್. "ಮಿಂಚಿ ಮಾಯ ಆಗತ್ತೆ. ಅಷ್ಟರೊಳಗೆ ಕೈಗೆ ಅಲ್ಲಾಡೋಕೂ ಪುರಸೊತ್ತಿರಲ್ಲ" ಎನ್ನುತ್ತಾರೆ. ತೊಂದರೆ ಏನೆಂದರೆ, ನೆತ್ತಿಯ ಮೇಲಿನ ಫ್ಲ್ಯಾಶ್ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿದಾಗ ತಾನೂ ಪಕ್ಕಕ್ಕೆ ವಾಲುತ್ತದೆ. ಆಗ ಮದುಮಗಳ ಮುಖದ ಪಕ್ಕದ ಗೋಡೆಯಲ್ಲಿ ಇನ್ನೊಂದು ಕಪ್ಪು ಮುಖ ಮೂಡುತ್ತದೆ. ಹಿಂದಿನ ತಿಂಗಳು ಒಂದು ಮದುವೆಯಲ್ಲಿ ಹಾಗೇ ಆಯಿತು. ನೆರಳಿನ ಕಾಟ ಬೇಡವೆಂದು ಫ್ಲ್ಯಾಶ್ ಆರಿಸಿ ತೆಗೆದವೆಲ್ಲ ಅಲುಗಿ ಮಸುಕಾದವು. ಆ ಮನೆಯವರು ಜಗಳವನ್ನೇನೂ ಆಡಲಿಲ್ಲ, ಆಲ್ಬಮ್ ತೆಗೆದುಕೊಂಡು ಸುಮ್ಮನೆ ಹೋದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಇವತ್ತಿನದೂ ಕೆಟ್ಟರೆ ಕ್ಯಾಮೆರಾ ಕಪಾಟು ಸೇರುತ್ತದೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದಾರೆ.

ಮೊದಲು ಕೈಗೆತ್ತಿಕೊಳ್ಳುವುದು ಮೂರರಲ್ಲಿ ಹಗುರವಾದ ಬ್ರಾಕೆಟ್ಟನ್ನು. ನಡುಗುವ ಕೈಗೆ ಹಗುರವೇ ಸರಿ ಎಂದು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನೂ ತಲೆದೂಗುತ್ತೇನೆ. ಇಬ್ಬರದೂ ತಪ್ಪು ಲೆಕ್ಕ. ಭಾರವಿಲ್ಲದ ತೋಳಿಗೆ ಕೈಯ ನಡುಕವೆಲ್ಲ ಏರಿ ಫ್ಲ್ಯಾಶ್ ತೊನೆದಾಡುತ್ತದೆ. ಎರಡನೆಯದರಲ್ಲಿ ಕ್ಯಾಮೆರಾ ತಿರುಗಿಸಿದಾಗಲೆಲ್ಲ ತೋಳನ್ನು ಎಡಗೈಯಿಂದ ಮಡಚಬೇಕು. ಬೆರಳು ತಡಕಾಡಿ ಗುಂಡಿ ಹುಡುಕುವ ಹೊತ್ತಿಗೆ ಮನೆಯಾಕೆ ಬಾಯಿ ಮುಕ್ಕಳಿಸಿಕೊಂಡೇ ಬಂದಾಗಿದೆ. ಮೂರನೆಯದು ಹೊರಲಾರದಷ್ಟು ಭಾರ. ಆದರೆ ಅದರ ಬಳೆಯಂಥ ಚೌಕಟ್ಟಿನೊಳಗೆ ಕ್ಯಾಮೆರಾ ಮಾತ್ರ ತಿರುಗುತ್ತದೆ, ಫ್ಲ್ಯಾಶ್ ಇದ್ದಲ್ಲೇ ಇರುತ್ತದೆ. ಹಿಡಿಯನ್ನು ಎದೆಗೆ ಅವುಚಿಕೊಂಡರೆ ನಡುಕ ಅರ್ಧಕ್ಕರ್ಧ ಇಳಿಯುತ್ತದೆ.

"ಇದೇ ಇರ್ಲಿ. ಭುಜ ಬಿದ್ದುಹೋದ್ರೂ ಚಿಂತೆಯಿಲ್ಲ."

"ಭುಜಕ್ಕೆ ಎಣ್ಣೆ ತಿಕ್ಕೋಳು ನಾನು ತಾನೇ, ನಿಮಗ್ಯಾಕೆ ಚಿಂತೆ" ಎನ್ನುತ್ತಾರೆ ಹೆಂಡತಿ. ನಗುತ್ತಾರೆ, ಆದರೆ ಕಣ್ಣು ಗಂಡನ ಎಡಗೈಯನ್ನು ಬಿಟ್ಟು ಕದಲುವುದಿಲ್ಲ.

ಕೈ ನಡುಗುವ ವಿಷಯ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ದಾರಿಯಲ್ಲಿ ಹಿಂಜರಿಯುತ್ತಲೇ ಕೇಳುತ್ತೇನೆ. "ಬರೀರಿ. ಗೊತ್ತಿದ್ದೂ ಕರೆದ್ರೆ ಸಂತೋಷ. ಗೊತ್ತಿಲ್ದೆ ಕರೆದು ಆಮೇಲೆ ಕೊರಗೋದು ಬೇಡ."

ಸಭಾಂಗಣ ಚಿಕ್ಕದು, ಒಂದು ಬದಿಗೆ ದೊಡ್ಡ ಕಿಟಕಿ. ಹೆಣ್ಣು ಗಂಡು ಮದುವೆಯ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ, ಫ್ಲ್ಯಾಶ್ ಮಿಂಚುತ್ತದೆ. ನೆಂಟರು ಸಾಲಾಗಿ ನಿಲ್ಲುತ್ತಾರೆ, ಮಿಂಚುತ್ತದೆ. ಅಷ್ಟರಲ್ಲಿ, ಗಾಲಿಕುರ್ಚಿಯಲ್ಲಿದ್ದ ಮದುಮಗಳ ಅಜ್ಜಿ ಯಾರಿಗೂ ಹೇಳದೆ ಕೇಳದೆ ಕುರ್ಚಿಯ ಕೈ ಊರಿ ಎದ್ದು ನಿಲ್ಲುತ್ತಾರೆ. ತಿಂಗಳುಗಟ್ಟಲೆ ಎದ್ದವರೇ ಅಲ್ಲವಂತೆ. ಮೊಮ್ಮಗಳು ಓಡಿಹೋಗಿ ಹಿಡಿದುಕೊಳ್ಳುತ್ತಾಳೆ, ಅಜ್ಜಿ ಅವಳ ಕೆನ್ನೆಗೆ ಕೈ ಚಾಚುತ್ತಾರೆ. ಕ್ಯಾಮೆರಾ ಸರಕ್ಕನೆ ತಿರುಗುತ್ತದೆ. ಫ್ಲ್ಯಾಶ್ ಮಿಂಚುವುದಿಲ್ಲ. ಫ್ಲ್ಯಾಶಿಗೂ ಕ್ಯಾಮೆರಾಕ್ಕೂ ನಡುವಿನ ತಂತಿ ತಿರುಗಿದ ರಭಸಕ್ಕೆ ಕಿತ್ತುಕೊಂಡಿದೆ.

ಸಿಕ್ಕಿಸಲು ಸಮಯವಿಲ್ಲ, ಇನ್ನೊಮ್ಮೆ ಏಳಿ ಎನ್ನುವಂತೆಯೂ ಇಲ್ಲ. ಹಿಡಿಯನ್ನು ಎದೆಗೆ ಅದುಮಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಕಿಟಕಿಯ ಬೆಳಕನ್ನೇ ನಂಬಿ ಒಂದು ಸಲ ಒತ್ತುತ್ತಾರೆ. ಅಜ್ಜಿ ಕುಳಿತುಬಿಡುತ್ತಾರೆ. ತೆಗೆದದ್ದನ್ನು ಇವರು ಅಲ್ಲಿ ನೋಡುವುದೂ ಇಲ್ಲ. "ಕೆಟ್ಟಿದೆ ಅಂತ ಈಗ್ಲೇ ಗೊತ್ತಾದ್ರೆ ಮಿಕ್ಕಿದ್ದೂ ಕೆಡತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿ, ತಂತಿ ಸಿಕ್ಕಿಸಿ ಕೆಲಸ ಮುಂದುವರಿಸುತ್ತಾರೆ.

ಮಧ್ಯಾಹ್ನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಮೂವರೂ ಕೂರುತ್ತೇವೆ. ಆ ಚಿತ್ರ ತೆರೆದುಕೊಳ್ಳುತ್ತದೆ. ಮದುಮಗಳ ಕೆನ್ನೆಯ ಮೇಲೆ ಅಜ್ಜಿಯ ಬೆರಳುಗಳೆಲ್ಲ ಮಂಜುಮಂಜು. "ಹೋಯ್ತು" ಎನ್ನುತ್ತಾರೆ. ಹೆಂಡತಿ ಕಪಾಟಿನ ಕಡೆ ನೋಡುವುದಿಲ್ಲ. ನನಗಂತೂ ಎದ್ದು ಹೊರಗೆ ಹೋದರೆ ಸಾಕೆನಿಸುತ್ತದೆ.

ಆಮೇಲೆ ಅವರು ಚಿತ್ರವನ್ನು ಹಿಗ್ಗಿಸುತ್ತಾರೆ. ಮದುಮಗಳ ಕಿವಿಯೋಲೆ. ಅಜ್ಜಿಯ ರೆಪ್ಪೆ, ಅದರ ತುದಿಯಲ್ಲಿ ನೀರು. ಹಿಂದಿನ ಕಿಟಕಿಯ ಅಂಚು. ಎಲ್ಲವೂ ಕೆತ್ತಿಟ್ಟಂತೆ ಸ್ಪಷ್ಟ. ಕ್ಯಾಮೆರಾ ಅಲುಗಿದ್ದರೆ ಕಿಟಕಿಯೂ ಅಲುಗಬೇಕಿತ್ತು. ಮೂಗು ಪರದೆಗೆ ತಾಗುವಷ್ಟು ಬಾಗಿ ಮತ್ತೆ ಮತ್ತೆ ನೋಡುತ್ತಾರೆ. ಹೆಂಡತಿಯ ಕಡೆ ತಿರುಗಿದಾಗ ದನಿ ತೀರಾ ಸಣ್ಣದು.

"ಇದರಲ್ಲಿ ನಡುಗಿರೋದು ಅಜ್ಜಿ ಕೈ ಕಣೇ. ನಂದಲ್ಲ."