ಟೋಪಿಯ ಮರೆಯಲ್ಲಿ ವ್ಯಾಪಾರ

ಯುದ್ಧದ ಕಾಲ; ದಂಡಿನಲ್ಲಿ ಬೀಡುಬಿಟ್ಟ ಸೈನಿಕರ ಊಟಕ್ಕೆಂದು ದಲ್ಲಾಳಿಗಳು ಸಂತೆಗಳಲ್ಲಿ ಎತ್ತು ಕೊಳ್ಳುತ್ತಿದ್ದರು. ಬಸ್ಸು ತಡವಾಗಿದ್ದರಿಂದ ದೊಡ್ಡಬಳ್ಳಾಪುರದ ದನದ ಸಂತೆಯೊಳಗೆ ಹೋದೆ. ಅಗಲ ಅಂಚಿನ ಟೋಪಿ ಹಾಕಿ, ಕತ್ತಿಗೆ ಕೆಂಪು ಕರವಸ್ತ್ರ ಕಟ್ಟಿ, ಸಿನಿಮಾದಲ್ಲಿ ಕಾಣುವ ಅಮೆರಿಕದ ದನಗಾಹಿಯಂತೆ ಸಿಂಗರಿಸಿಕೊಂಡ ಯುವಕನೊಬ್ಬ ಮುದುಕನೊಬ್ಬನ ಎತ್ತನ್ನು ಕೇಳುತ್ತಿದ್ದ.

"ಉಳೋದಿಕ್ಕಾ, ಇಲ್ಲಾ ಮಿಲ್ಟ್ರಿಯೋರ ಊಟಕ್ಕಾ?" ಎಂದ ಮುದುಕ.

"ಉಳೋದಿಕ್ಕೇ ತಾತ. ನಮ್ಮೂರು ಆವತಿ."

ಇಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಯುವಕನ ಹೆಗಲ ಮೇಲೆ ಟವಲಿರಲಿಲ್ಲ. ಟೋಪಿ ತೆಗೆದು ಇಬ್ಬರ ಕೈಗಳ ಮೇಲೆ ಹಿಡಿದ. ಸುತ್ತಲಿದ್ದವರು ನಕ್ಕರು. ಮುದುಕ ನಗಲಿಲ್ಲ. ನನಗೂ ನಗು ಬರಲಿಲ್ಲ.

"ಬೆರಳು ಹಿಡಿಯೋದು ನಮ್ಮೋರ ಥರಾನೇ ಐತೆ. ಟೋಪಿ ಯಾರು ಕೊಟ್ರಪ್ಪಾ?" ಎಂದ ಮುದುಕ.

"ದಂಡಿನ ಸೋಲ್ಜರ್ ಒಬ್ಬ, ಖುಷಿಯಾಗಿ ಕೊಟ್ಟ."

ಮುದುಕ ಕೈಯನ್ನು ಮೆಲ್ಲಗೆ ಹೊರಗೆಳೆದುಕೊಂಡು, ಎತ್ತಿನ ಹಗ್ಗವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡ.