ಗಾಳದ ಬುಟ್ಟಿಯ ಮುಂದೆ ಮೀನಾ ಆಡಿದ ಮಾತು

ಅಬರ್ಡೀನಿನ ಕಡೆಯ ಬಂದರೂರು ಪೋರ್ಟ್‌ಲೋಗಿಯ ಮೀನಾ ಮೇರ್ ಹುಟ್ಟಿದ್ದು ಮೀನುಗಾರರ ಮನೆಯಲ್ಲಿ, ದುಡಿದದ್ದು ಮೀನು ಸೀಳುವ ಕಾರ್ಖಾನೆಯಲ್ಲಿ. ಕನ್ನಡದ ಕಿವಿಗೆ ಹೆಸರಿನಲ್ಲೇ ಮೀನಿದ್ದವಳಿಗೆ ಬೇರೆ ಕೆಲಸ ಯಾರು ಕೊಟ್ಟಾರು? ಚರ್ಚಿನ ದಾಖಲೆಯಲ್ಲಿ ಅವಳು ವಿಲಿಯಮಿನಾ. ಗಂಡಾದರೆ ತಾತನ ಹೆಸರು ವಿಲಿಯಂ ಎಂದಿಡಲು ಕಾದಿದ್ದ ಅಪ್ಪ, ಹೆಣ್ಣು ಹುಟ್ಟಿದಾಗ ಹೆಸರನ್ನು ಕೈಬಿಡದೆ ಅದಕ್ಕೊಂದು ಬಾಲ ಅಂಟಿಸಿದ. ಈ ಕರಾವಳಿಯಲ್ಲಿ ಅಂಥ ಬಾಲದ ಹೆಂಗಸರು ಮನೆಗೊಬ್ಬರು.

ಶಾಲೆಗೆ ಸೇರಿದ ಮೊದಲ ವಾರ, ಯಾಕೆ ತಡವೆಂದು ಮೇಷ್ಟರು ಕೇಳಿದ್ದಕ್ಕೆ ಮೀನಾ ಮನೆಯ ಮಾತಿನಲ್ಲಿ, ಅಂದರೆ ಡೋರಿಕ್‌ನಲ್ಲಿ, ಉತ್ತರ ಕೊಟ್ಟಳು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದ್ದಕ್ಕೆ ಮೇಷ್ಟರು ಚರ್ಮದ ಪಟ್ಟಿ ತೆಗೆದು ಅಂಗೈಗೆ ಬಾರಿಸಿದರು. ಮಾತಾಡಿದ್ದು ಬಾಯಿ, ಏಟು ತಿಂದದ್ದು ಕೈ. ಈ ನ್ಯಾಯ ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಅಂದಿನಿಂದ ಅವಳಿಗೆ ಎರಡು ನಾಲಿಗೆ. ಒಂದು ಬೀದಿಗೆ, ಬಂದರಿಗೆ, ಅಡುಗೆಮನೆಗೆ. ಇನ್ನೊಂದು ಮೇಷ್ಟರಿಗೆ, ಡಾಕ್ಟರಿಗೆ, ಟೆಲಿಫೋನಿಗೆ. ನಮ್ಮೂರಿನ ಎಲ್ಲರ ಕಥೆಯೂ ಅದೇ. ಟೆಲಿಫೋನು ಎತ್ತಿಕೊಂಡ ಕೂಡಲೇ ಪೋರ್ಟ್‌ಲೋಗಿಯ ಯಾವ ಹೆಂಗಸಾದರೂ ಲಂಡನ್ನಿನ ಅರಮನೆಗೆ ದೂರದ ಸಂಬಂಧಿಯಂತೆ ಕೇಳಿಸುತ್ತಾಳೆ.

ಮೀನಾ ಕಟ್ಟಿಕೊಂಡದ್ದು ಹೊಲದ ಕಡೆಯವನನ್ನು. ಅವನದೂ ಡೋರಿಕ್, ಇವಳದೂ ಡೋರಿಕ್. ಆದರೂ ಹೊಲದವರ ಮಾತಿಗೆ ಸಗಣಿಯ ವಾಸನೆ ಎಂದು ಇವಳು, ಕಡಲವರ ಮಾತಿಗೆ ಹೆರಿಂಗ್ ಮೀನಿನ ವಾಸನೆ ಎಂದು ಅವನು, ಜೀವಮಾನವಿಡೀ ಸುಖವಾಗಿ ಜಗಳವಾಡಿಕೊಂಡಿದ್ದರು. ಅವನು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಗಂಜಿ ಕಲಕುತ್ತಿದ್ದ ಮೀನಾಳಿಗೆ, ಅವನು ಬಳಸುತ್ತಿದ್ದ ಕೆಲವು ಪದಗಳನ್ನು ಮಣ್ಣು ಮಾಡಿದ ದಿನದಿಂದ ಎಲ್ಲಿಯೂ ಕೇಳಿಲ್ಲವಲ್ಲ ಎಂದು ಹೊಳೆಯಿತು. ತಾನು ಹಂಗಿಸುತ್ತಿದ್ದ ಪದಗಳೇ ಅವು. ಗಂಜಿ ತಳ ಹಿಡಿಯಿತು. ಮಾರನೆಯ ವಾರವೇ ಅವಳು ಚರ್ಚಿನ ಸಭಾಂಗಣದಲ್ಲಿ ಸೇರುತ್ತಿದ್ದ ನುಡಿಕೂಟಕ್ಕೆ ಹೋಗಿ, ಹಿರಿಯರ ಮಾತು ಹಿಡಿದಿಡುವ ಕೆಲಸವನ್ನು ಕೇಳಿ ಪಡೆದಳು.

ಕೂಟದವರು ಒಂದು ಪುಟ್ಟ ಯಂತ್ರ ಕೊಟ್ಟರು. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಹತ್ತಿದ ಕೂಡಲೇ ಎದುರಿಗಿದ್ದ ಅಜ್ಜ ಅಜ್ಜಿಯರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ವಾರ್ತೆ ಓದತೊಡಗುತ್ತಿದ್ದರು. ಧ್ವನಿಮುದ್ರಣಕ್ಕೆ ಕೂತರೆ ಸಮುದ್ರದ ಮಕ್ಕಳದೆಲ್ಲ ಒಂದೋ ಮೌನಮುದ್ರೆ, ಇಲ್ಲವೇ ಮೇಷ್ಟರ ಮುದ್ರೆ.

ಹೀಗಿರುವಾಗ ಡಾಡ್ ಮೇರ್‌ನ ಸುದ್ದಿ ಬಂತು. ಅರ್ಧ ಊರೇ ಮೇರ್ ಆದ್ದರಿಂದ ಅವನಿಗೆ ಕಡಲಹಕ್ಕಿ ಎಂಬ ಅಡ್ಡಹೆಸರು. ಬಂದರಿನ ಆ ತುದಿಯಲ್ಲಿ ಅವನು ಗೊಣಗಿದರೆ ಈ ತುದಿಯಲ್ಲಿ ಬಟ್ಟೆ ಒಣಹಾಕುವವರಿಗೆ ಕೇಳುತ್ತಿತ್ತು. ಮೀನಾಳ ಅಪ್ಪನ ದೋಣಿಯಲ್ಲಿ ದುಡಿದವನು, ಗಾಳಿಯ ಹೆಸರುಗಳಿಂದ ಹಿಡಿದು ಗಾಳದ ಹೆಸರುಗಳವರೆಗೆ ಹಳೆಯ ಮಾತೆಲ್ಲ ಬಾಯಲ್ಲಿದ್ದವನು. ಆಯುಷ್ಯವೆಲ್ಲ ಬಲೆಯ ಗಂಟು ಬಿಡಿಸಿದವನಿಗೆ ಈಗ ಗಂಟಲಲ್ಲೇ ಒಂದು ಗಂಟು. ಶುಕ್ರವಾರ ಅಬರ್ಡೀನಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದೆಂದು ತೀರ್ಮಾನವಾಗಿತ್ತು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಸೋಮವಾರ ಮೀನಾ ಯಂತ್ರ ಹಿಡಿದು ಹೋದಳು. ಡಾಡ್ ಟೈ ಕಟ್ಟಿಕೊಂಡು ಮುಂದಿನ ಕೋಣೆಯಲ್ಲಿ ಕೂತಿದ್ದ. ದೀಪ ಹತ್ತಿತು.

"ಬಾಲ್ಯದಿಂದಲೂ ನಾನು ಮೀನುಗಾರಿಕೆಯಲ್ಲಿ ವಿಶೇಷ ಆಸಕ್ತಿಯನ್ನು ಹೊಂದಿದ್ದೇನೆ," ಎಂದ.

"ಆಸಕ್ತಿ ಅಂತೆ," ಅಡುಗೆಮನೆಯಿಂದ ಅವನ ಹೆಂಡತಿ ಬೇಥಿಯಾಳ ದನಿ ಬಂತು. "ಅವರಪ್ಪ ಕಿವಿ ಹಿಡ್ಕೊಂಡು ದೋಣಿ ಹತ್ತಿಸಿದ್ದು. ವಾಂತಿ ಮಾಡ್ಕೊಂಡು ಅತ್ತಿದ್ದು ಇಡೀ ಬಂದರಿಗೇ ಗೊತ್ತು."

"ನನ್ನ ಪತ್ನಿ ಹಾಸ್ಯಪ್ರಿಯಳು," ಎಂದು ಡಾಡ್ ಯಂತ್ರಕ್ಕೆ ತಿಳಿಸಿದ.

ಮೀನಾ ಯಂತ್ರ ಆರಿಸಿದಳು. ಡಾಡ್ ಟೈ ಸಡಿಲಿಸಿ ಉಸಿರು ಬಿಟ್ಟ. "ಹೆಂಗ್ ಬಂತು ಕಣೆ, ಕ್ವೈನ್? ನಾಲಿಗೆಗೆ ಇಸ್ತ್ರಿ ಹಾಕ್ದಂಗಿತ್ತು." ಕ್ವೈನ್ ಎಂದರೆ ಹುಡುಗಿ. ಮೀನಾಳ ಕೂದಲು ಬೆಳ್ಳಗಾದರೂ ಡಾಡ್‌ಗೆ ಅವಳು ಕ್ವೈನೇ.

"ಮಾವ, ನಂಗೆ ಬೇಕಾಗಿರೋದು ನಿನ್ ಮಾತು. ನೀನು ಕೊಟ್ಟಿದ್ದು ಮೇಷ್ಟ್ರು ಮಾತು."

"ಗೊತ್ತು. ಆ ಕೆಂಪು ಕಣ್ಣು ನೋಡಿದ್ ತಕ್ಷಣ ಅಂಗೈ ಉರಿಯೋಕ್ ಶುರುವಾಗತ್ತೆ. ಆ ಮನುಷ್ಯ ಸತ್ತು ಎಷ್ಟು ಕಾಲ ಆಯ್ತು, ಇನ್ನೂ ನನ್ ಗಂಟಲಲ್ಲೇ ಪಾಠ ಮಾಡ್ತಾವ್ನೆ." ಅಡುಗೆಮನೆಗೆ ಕೇಳದಂತೆ ದನಿ ತಗ್ಗಿಸಿದ. ಅದು ಅವನಿಗೆ ಸುಲಭದ ಕೆಲಸವಲ್ಲ. "ಇವಳಿಗೆ ಏನಾದ್ರೂ ಉಳಿಸ್ಬೇಕು ಕಣೆ, ಮನೇಲಿ ಕೇಳಿಸ್ಕೊಳ್ಳೋಕೆ. ಈ ವಾರ್ತೆ ಓದೋನ್ನ ಉಳಿಸಿ ಹೋದ್ರೆ, ಯಾರನ್ನೋ ಕಟ್ಕೊಂಡಿದ್ದೆ ಅಂದ್ಕೋತಾಳೆ."

ಅವತ್ತು ಸಂಜೆ ಮೀನಾ ತನ್ನ ಮನೆಯಲ್ಲಿ ಧ್ವನಿಮುದ್ರಿಕೆ ಹಾಕಿ ಕೇಳಿದಳು. ಡಾಡ್‌ನ ದನಿಗಿಂತ ಮೊದಲು ಯಾವಳೋ ಅಪರಿಚಿತ ಹೆಂಗಸು ಕೇಳುತ್ತಿದ್ದಳು: "ತಮ್ಮ ಬಾಲ್ಯದ ದಿನಗಳನ್ನು ದಯವಿಟ್ಟು ಸ್ಮರಿಸಿಕೊಳ್ಳುವಿರಾ?" ಯಾರಪ್ಪಾ ಇವಳು ಎಂದುಕೊಂಡಳು ಮೀನಾ. ಆಮೇಲೆ ಒಬ್ಬಳೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಷ್ಟು ದಿನ ಟೆಲಿಫೋನಿನ ನಾಲಿಗೆಯಲ್ಲಿ ಕೇಳಿ, ಅಡುಗೆಮನೆಯ ನಾಲಿಗೆಯಲ್ಲಿ ಉತ್ತರ ಬರಲಿಲ್ಲವೆಂದು ಜನರನ್ನು ದೂರುತ್ತಿದ್ದಳಲ್ಲ.

ಮರುದಿನ ಅವಳು ಡಾಡ್‌ನ ಹಿತ್ತಿಲ ಷೆಡ್ಡಿಗೇ ಹೋದಳು, ಮನೆಯ ಮಾತಿನಲ್ಲೇ ಕೇಳಿದಳು. "ಮಾವ, ಸಭಾಂಗಣದಲ್ಲಿ ಇಡೋಕೆ ಒಂದು ಗಾಳದ ಬುಟ್ಟಿ ಬೇಕು, ಹಳೇ ಥರದ್ದು. ಮಾಡ್ತಾ ಮಾಡ್ತಾ ಮಾತಾಡು." ಉದ್ದದ ಹಗ್ಗ, ಅದರುದ್ದಕ್ಕೂ ಗಾಳ, ಒಂದೊಂದು ಗಾಳಕ್ಕೂ ಚಿಪ್ಪಿನೊಳಗಿನ ಮಾಂಸ. ಬೇಥಿಯಾ ಚಿಪ್ಪು ಬಿಡಿಸಿ ಕೊಟ್ಟಳು, ಡಾಡ್ ಸಿಕ್ಕಿಸಿ ಬುಟ್ಟಿಯಲ್ಲಿ ಸುತ್ತಿಟ್ಟ. ಕೈ ಹಳೆಯ ದಾರಿ ಹಿಡಿಯಿತು, ನಾಲಿಗೆ ಮಾತ್ರ ಹೊಸ ಚಪ್ಪಲಿ ಮೆಟ್ಟಿದವನಂತೆ ಎಡವುತ್ತಲೇ ಇತ್ತು. ಮೀನಾ ಯಂತ್ರದ ಮೇಲೆ, ಚಾ ಆರದಂತೆ ಹೊದಿಸುವ ಟೀಪಾಟಿನ ಉಣ್ಣೆಯ ಟೋಪಿ ಮುಚ್ಚಿದಳು. ಅದರೊಳಗೆ ಮೇಷ್ಟರಿದ್ದಾರೆಂಬುದು ಡಾಡ್‌ಗೆ ಮರೆಯಲಿಲ್ಲ.

"ಇಷ್ಟು ವರ್ಷ ಬಾಯ್ಮುಚ್ಚು ಅಂದ್ರೂ ಮುಚ್ದೆ ಇದ್ದೋನು," ಎಂದಳು ಬೇಥಿಯಾ ಚಿಪ್ಪು ಬಿಡಿಸುತ್ತ, "ಈಗ ಬಾಯ್ಬಿಡು ಅಂದ್ರೆ ಬಿಡ್ತಾ ಇಲ್ಲ." ನಗಿಸಲೆಂದೇ ಆಡಿದ ಮಾತು. ಅವಳೇ ನಗಲಿಲ್ಲ.

ಗುರುವಾರ ಮಧ್ಯಾಹ್ನವಾಯಿತು. ಬುಟ್ಟಿ ಮುಕ್ಕಾಲು ತುಂಬಿತ್ತು. ಯಂತ್ರದೊಳಗೆ ತುಂಬಿದ್ದು ಇಸ್ತ್ರಿ ಹಾಕಿದ ಮಾತು ಮಾತ್ರ.

ಮೀನಾಳ ತಲೆಯಲ್ಲಿ ಒಂದು ಉಪಾಯವಿತ್ತು. ಬುಧವಾರದಿಂದಲೂ ಇತ್ತು, ಧೈರ್ಯವಿರಲಿಲ್ಲ. ಗಾಳದ ಬುಟ್ಟಿಯ ಮುಂದೆ ನಮ್ಮ ಕಡಲ ಜನ ಕೆಲವು ಹೆಸರುಗಳನ್ನು ಎತ್ತುವುದಿಲ್ಲ. ಪಾದ್ರಿ ಕಪ್ಪು ಕೋಟಿನವನು, ಸಾಲ್ಮನ್ ಕೆಂಪು ಮೀನು, ಹಂದಿ ಸುರುಳಿಬಾಲ. ಬಾಯಿ ತಪ್ಪಿ ಅಂದರೆ ತಣ್ಣನೆಯ ಕಬ್ಬಿಣ ಮುಟ್ಟಬೇಕು, ಇಲ್ಲದಿದ್ದರೆ ದೋಣಿಗೆ ಕೇಡು. ಮೀನಾ ಹುಟ್ಟಿದಾಗಿನಿಂದ ಗಾಳದ ಹತ್ತಿರ ಆ ಮಾತು ಆಡಿದವಳಲ್ಲ. ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದಳು; ನಗುವಾಗ ಕೈ ಮಾತ್ರ ಬಾಗಿಲ ಚಿಲಕ ಹುಡುಕುತ್ತಿತ್ತು. ನಾಳೆ ಬೆಳಿಗ್ಗೆ ಈ ಮುದುಕನ ಕುತ್ತಿಗೆ ಕತ್ತಿಯ ಕೆಳಗೆ. ಇವತ್ತು ಅವನೆದುರು ಆ ಮಾತು ಆಡಿ, ನಾಳೆ ಏನಾದರೂ ಆದರೆ? ಆಡದೆ ಸುಮ್ಮನಿದ್ದರೆ ಬೇಥಿಯಾಳ ಪಾಲಿಗೆ ವಾರ್ತೆ ಓದುವವನೇ ಗತಿ.

ಅವಳು ಷೆಡ್ಡಿನ ಮೂಲೆಯಲ್ಲಿ ಆರಿ ತಣ್ಣಗಿದ್ದ ಕಬ್ಬಿಣದ ಒಲೆಗೆ ಬೆನ್ನು ಒತ್ತಿ ಕೂತಳು, ಮುಂಗಡವಾಗಿ. ಆಮೇಲೆ ಹವಾಮಾನ ವಿಚಾರಿಸುವವಳ ಹಾಗೆ ಕೇಳಿದಳು: "ಮಾವ, ರಾತ್ರಿ ಊಟಕ್ಕೆ ಏನು, ಹಂದಿಯಾ?"

ಬೇಥಿಯಾಳ ಕೈಯಿಂದ ಚಿಪ್ಪು ಬಿತ್ತು.

"ಏನಂದೆ?" ಡಾಡ್ ಎದ್ದೇ ನಿಂತ. "ಏನಂದೆಯೇ ಮುಂಡೇದೆ? ಬುಟ್ಟಿ ಮುಂದೆ ಕುಕ್ಕರ್ಸಿ ಆ ಸುರುಳಿಬಾಲದ ಹೆಸ್ರು ಎತ್ತೀಯಾ? ಕಬ್ಬಿಣ ಮುಟ್ಟು. ಮುಟ್ಟೇ ಮೊದ್ಲು, ಎರಡೂ ಕೈಯಲ್ಲಿ. ಬೇಥಿ, ನೀನೂ ಮುಟ್ಟು, ಕೇಳಿಸ್ಕೊಂಡೋರಿಗೂ ತಗಲತ್ತೆ ಅದು. ನಿಮ್ಮಪ್ಪ ಇದ್ದಿದ್ರೆ ನಿನ್ ಕಾಲು ಹಿಡ್ದು ಬಂದರಿನ ಗೋಡೆಗೆ ಒಣಹಾಕೋನು, ಹ್ಯಾಡಕ್ ಮೀನು ಒಣಹಾಕ್ದಂಗೆ. ಎಂಥಾ ಮನುಷ್ಯ ಅವನು. ಒಂದಿನ ಬೆಳಗಾತ ದೋಣಿಗ್ ಹೋಗೋವಾಗ ಕಪ್ಪು ಕೋಟಿನೋನು ಎದುರಿಗ್ ಬಂದ ಅಂತ ಹಿಂದಕ್ ತಿರುಗ್ದ. ಇವ್ನು ಯಾಕ್ ಕಡಲಿಗ್ ಹೋಗ್ಲಿಲ್ಲ, ಜ್ವರಾನೋ ಏನೋ ಅಂತ ಆ ಪುಣ್ಯಾತ್ಮ ಮಾರ್ನೇ ದಿನ ಬೆಳಿಗ್ಗೆ ಮನೆ ಬಾಗ್ಲಿಗೇ ಬಂದ. ಆಯ್ತಲ್ಲ, ಅವತ್ತೂ ಹೋಗಂಗಿಲ್ಲ. ಅದರ ಮಾರ್ನೇ ದಿನ ಸೂಪು ತಗೊಂಡ್ ಬಂದ. ಕೊನೆಗೆ ನಿಮ್ಮವ್ವ ಹೋಗಿ ಅಂದ್ಲಲ್ಲ, ಸ್ವಾಮಿ, ಭಾನುವಾರ ನಮ್ಮನ್ನ ಉದ್ಧಾರ ಮಾಡಿ, ಮಿಕ್ಕಿದ್ ದಿನ ಮನೇಲಿದ್ದು ನಮ್ಮನ್ನ ಉಣ್ಣೋಕ್ ಬಿಡಿ..."

ಮಾತು ಆ ಬೆಳಗಿನಿಂದ ಆ ದಿನದ ಗಾಳಿಗೆ ಹೋಯಿತು, ಗಾಳಿಯಿಂದ ಗಾಳಕ್ಕೆ, ಗಾಳದಿಂದ ಬೇಥಿಯಾಳ ತಾಯಿಗೆ. ಆಕೆಯ ಬಗ್ಗೆ ಡಾಡ್ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ, ಮುದ್ರಿಕೆಯಲ್ಲಿ ಇದೆ. ಕೂತಾಗ ಕೈ ತಾನಾಗಿ ಗಾಳ ಹಿಡಿಯಿತು. ಬಹಳ ಹೊತ್ತಿನ ಮೇಲೆ ಟೀಪಾಟಿನ ಟೋಪಿಯ ಕಡೆಗೆ ಅವನ ಕಣ್ಣು ಹೊರಳಿತು.

"ಉರೀತಾ ಇದ್ಯಾ ಅದು?"

"ಉರೀತಾ ಇದೆ, ಮಾವ."

"ಬೇಕಂತಲೇ ಅಂದ್ಯಾ?"

"ಹೂಂ."

ಡಾಡ್ ಅವಳ ಮುಖ ನೋಡಿದ. ಮೀನಾಳ ಬೆನ್ನು ಒಲೆಗೆ ಅಂಟಿಕೊಂಡೇ ಇತ್ತು, ಮುಖ ಬಿಳಿಚಿಕೊಂಡಿತ್ತು. ಅವಳು ಏನನ್ನು ಪಣಕ್ಕಿಟ್ಟಳೆಂದು ಕಡಲಿನವನಿಗೆ ಹೇಳಿಕೊಡಬೇಕಾಗಿರಲಿಲ್ಲ. "ದೇವರು ನಿನ್ನ ಚೆನ್ನಾಗಿ ಇಟ್ಟಿರ್ಲಿ, ಕಳ್ಳಿ," ಎಂದ. "ಚಾ ಹಾಕು. ನಮ್ಮತ್ತೆ ವಿಷಯ ಇನ್ನೂ ಮುಗ್ದಿಲ್ಲ."

ಕತ್ತಲಾಗುವವರೆಗೆ ಮಾತಾಡಿದ. ಟೋಪಿಯನ್ನು ತಾನೇ ತೆಗೆದಿಟ್ಟು, ಕೆಂಪು ದೀಪದ ಮುಖ ನೋಡಿಕೊಂಡೇ ಮಾತಾಡಿದ.

ಶುಕ್ರವಾರ ಮೀನಾ ಊರಿನ ಕಬ್ಬಿಣವನ್ನೆಲ್ಲ ಮುಟ್ಟಿದಳು. ಗೇಟು, ಚರಂಡಿಯ ಮುಚ್ಚಳ, ಬಸ್ ನಿಲ್ದಾಣದ ಕಂಬ, ಬಂದರಿನ ತುಕ್ಕು ಹಿಡಿದ ಸರಪಳಿ. ಮಧ್ಯಾಹ್ನ ಫೋನು ಬಂತು. ಬೇಥಿಯಾ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಫೋನಿನಲ್ಲಿದ್ದೂ ಮನೆಯ ನಾಲಿಗೆಯಲ್ಲೇ. "ಆಯ್ತು ಕಣೆ. ಒಳ್ಳೇದಾಯ್ತು ಅಂದ್ರು ಡಾಕ್ಟ್ರು. ಆಗ್ಲೇ ನರ್ಸಿಗೆ ಕೈಯಲ್ಲೇ ಬೈತಾವ್ನೆ." ಮೀನಾ ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು. ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎಲ್ಲರಿಗೂ ಮುಗಿದಳು: ಡಾಕ್ಟರಿಗೆ, ಕಬ್ಬಿಣಕ್ಕೆ, ಅಪ್ಪನಿಗೆ, ಕೊನೆಗೆ ಸುರುಳಿಬಾಲಕ್ಕೂ.

ಸಭಾಂಗಣದಲ್ಲಿ ಆ ಮುದ್ರಿಕೆ ಹಾಕಿದ ದಿನ ಜನ ಬೆಂಚು ಹಿಡಿದುಕೊಂಡು ನಕ್ಕರು. ಮುಗಿದ ಮೇಲೆ ಒಬ್ಬಿಬ್ಬರು ಮೀನಾಳ ಬಳಿ ಬಂದು, ನಮ್ಮ ಮನೆಗೂ ಒಂದು ದಿನ ಬಾ, ಮುಂದಿನ ಕೋಣೆ ಬೇಡ, ಅಡುಗೆಮನೇಲೇ ಕೂರೋಣ ಎಂದರು.

ಈಗ ಮೀನಾ ಡಾಡ್‌ನ ಮಾತನ್ನೆಲ್ಲ ಕೇಳಿ ಬರೆದಿಡುತ್ತಿದ್ದಾಳೆ. ಗೊತ್ತಿಲ್ಲದ ಪದ ಬಂದರೆ ಯಂತ್ರ ಎತ್ತಿಕೊಂಡು ಷೆಡ್ಡಿಗೆ ನಡೆಯುತ್ತಾಳೆ. ಮೊನ್ನೆ ಹೋದಾಗ ಯಂತ್ರದೊಳಗಿನ ಡಾಡ್ 'ಟಿಪ್ಪಿನ್' ಎಂದ. ಎದುರಿಗೆ ಕೂತಿದ್ದ ಡಾಡ್ ತನ್ನ ದನಿಗೆ ತಲೆಯಾಡಿಸಿ, ಗೂಟದಲ್ಲಿ ತೂಗುತ್ತಿದ್ದ ಕುದುರೆಬಾಲದ ಕೂದಲಿನಿಂದ ಒಂದಷ್ಟು ಎಳೆ ಕಿತ್ತು, ಮೊಣಕಾಲ ಮೇಲೆ ಹೊಸೆದು, ಗಾಳಕ್ಕೆ ಬಿಗಿದು ತೋರಿಸಿದ.

ಬೇಥಿಯಾ ಚಾ ತಂದಿಟ್ಟಳು. "ಕಟ್ಕೊಂಡಾಗ್ಲಿಂದ ಕಾಯ್ತಿದ್ದೆ, ಇವ್ನ ಮಾತು ನಿಲ್ಸೋಕೆ ಒಂದು ಗುಂಡಿ ಇದ್ದಿದ್ರೆ ಅಂತ," ಎಂದಳು. "ಈಗ ಇದೆ. ಒತ್ತೋಕೆ ಮನಸ್ಸು ಬರಲ್ಲ."

ಮೀನಾ ತಾನೂ ಎಳೆ ತೆಗೆದುಕೊಂಡು ಹೊಸೆದಳು. ಬಿಚ್ಚಿಕೊಂಡಿತು. ಡಾಡ್ ಅವಳ ಕೈಗೊಂದು ಪೆಟ್ಟು ಕೊಟ್ಟು, ಮತ್ತೆ ಮೊದಲಿನಿಂದ ಎಂದು ಬೆರಳು ತಿರುಗಿಸಿದ.